ಊಟದಲ್ಲಿ ಕಹಿಗೂ ಒಗರಿಗೂ ಜಾಗ ಇರಲಿ

ಊಟದಲ್ಲಿ ಷಡ್ರಸ, ಅಂದರೆ ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂಬ ಆರೂ ರುಚಿ ಇರಬೇಕು ಅಂದಕೂಡಲೇ ತಟ್ಟೆಯ ಸುತ್ತ ಆರು ಬಟ್ಟಲು ಇಡಬೇಕಿಲ್ಲ. ಆಯುರ್ವೇದದ ಲೆಕ್ಕದಲ್ಲಿ ಅನ್ನ, ಗೋಧಿ, ಹಾಲು, ತುಪ್ಪ ಎಲ್ಲವೂ ಮಧುರವೇ. ಪಾಯಸ ಇಲ್ಲದಿದ್ದರೂ ಸಿಹಿ ಬಂದಾಯಿತು. ಹುಳಿ, ಉಪ್ಪು, ಖಾರ ಸಾರಿನಲ್ಲೇ ಧಾರಾಳವಾಗಿವೆ. ಬೇಳೆಯಲ್ಲಿ ಅಲ್ಪಸ್ವಲ್ಪ ಒಗರಿದೆ. ಕಹಿಯಂತೂ ಹೆಚ್ಚಿನ ಮನೆಗಳಲ್ಲಿ ಯುಗಾದಿಗೆ ಮಾತ್ರ.

ಇದರಿಂದ ಏನಾಗುತ್ತದೆ? ಹುಳಿ, ಉಪ್ಪು, ಖಾರ ಮೂರೂ ಪಿತ್ತ ಹೆಚ್ಚಿಸುವ ರಸಗಳು. ಸಿಹಿ, ಕಹಿ, ಒಗರು ಅದನ್ನು ಶಮನ ಮಾಡುತ್ತವೆ. ಎದೆಯುರಿ, ಹುಳಿತೇಗು ಇರುವವರು ಮೊದಲು ಹುಣಸೆಹಣ್ಣು, ಒಣಮೆಣಸಿನಕಾಯಿ ಕಡಿಮೆ ಮಾಡಲಿ, ಆಮೇಲೆ ಕಹಿ-ಒಗರು ಸೇರಿಸಲಿ. ಮೊದಲನೆಯದನ್ನು ಬಿಟ್ಟು ಬರೀ ಎರಡನೆಯದನ್ನು ಮಾಡಿದರೆ ಪ್ರಯೋಜನ ಕಾಣುವುದಿಲ್ಲ.

ಒಗರಿಗೆ ನನ್ನ ಮೊದಲ ಆಯ್ಕೆ ಮಲೆನಾಡು, ಕರಾವಳಿಯ ದಾಳಿಂಬೆ ಸಿಪ್ಪೆ ತಂಬುಳಿ. ನಾಲ್ಕು ಜನಕ್ಕೆ ಎರಡು ಬೆರಳಗಲದ ಒಂದು ಒಣ ಸಿಪ್ಪೆ ಸಾಕು. ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಗರಿಗರಿಯಾಗುವವರೆಗೆ ಹುರಿಯಿರಿ. ಮೂರು ಚಮಚ ತೆಂಗಿನತುರಿ ಸೇರಿಸಿ ನುಣ್ಣಗೆ ರುಬ್ಬಿ, ಎರಡು ಲೋಟ ಮಜ್ಜಿಗೆ, ಉಪ್ಪು ಬೆರೆಸಿ. ಸಿಪ್ಪೆ ಗರಿಯಾಗದಿದ್ದರೆ ರುಬ್ಬಿದರೂ ತರಿತರಿ ಉಳಿಯುತ್ತದೆ, ಹೆಚ್ಚಾದರೆ ನಾಲಿಗೆ ಹಿಡಿಯುತ್ತದೆ. ಕುದಿಸಬೇಡಿ, ಮಜ್ಜಿಗೆ ಒಡೆಯುತ್ತದೆ. ಒಗರು ಮಲ ಕಟ್ಟುವ ಗುಣದ್ದು, ಮಲಬದ್ಧತೆ ಇರುವವರಿಗೆ ಇದು ದಿನನಿತ್ಯದ ಅಡುಗೆಯಲ್ಲ.

ಹಾಗಲಕಾಯಿ ಗೊಜ್ಜಿನ ವಿಷಯದಲ್ಲಿ ನನ್ನ ತಕರಾರು ಒಂದೇ. ಉಪ್ಪು ಸವರಿ, ನೀರೆಲ್ಲ ಹಿಂಡಿ, ಮೇಲೆ ಮುಷ್ಟಿಗಟ್ಟಲೆ ಬೆಲ್ಲ ಸುರಿದರೆ ಉಳಿಯುವುದು ಸಿಹಿ-ಹುಳಿ ಮಾತ್ರ. ಕಾಯಿ ತೆಳ್ಳಗೆ ಹೆಚ್ಚಿ, ಹಿಂಡದೆ ಎಣ್ಣೆಯಲ್ಲಿ ಚೆನ್ನಾಗಿ ಬಾಡಿಸಿ. ಕಾಲು ಕಿಲೋ ಕಾಯಿಗೆ ನೆಲ್ಲಿಕಾಯಿ ಗಾತ್ರದ ಹುಣಸೆ, ಅಷ್ಟೇ ಬೆಲ್ಲ. ಬಡಿಸುವುದು ಎರಡು ಚಮಚ.

ರುಚಿಯೊಂದನ್ನೇ ನಂಬಿದರೂ ಲೆಕ್ಕ ತಪ್ಪುತ್ತದೆ. ನೆಲ್ಲಿಕಾಯಿ ಹುಳಿಯಾದರೂ ಪಿತ್ತ ಕೆರಳಿಸದು, ಜೇನು ಸಿಹಿಯಾದರೂ ಕಫ ಹೆಚ್ಚಿಸದು. ಚರಕಸಂಹಿತೆ ಇಂಥ ಅಪವಾದಗಳನ್ನು ಹೆಸರಿಸಿಯೇ ಹೇಳುತ್ತದೆ.

ಇನ್ನು ಬೆಳಗ್ಗೆ ಬರಿ ಹೊಟ್ಟೆಗೆ ಲೋಟಗಟ್ಟಲೆ ಹಾಗಲಕಾಯಿ ರಸ ಕುಡಿಯುವ ಈಗಿನ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಕಹಿ ಅತಿಯಾದರೆ ವಾತ ಹೆಚ್ಚುತ್ತದೆ: ಬಾಯಿ ಒಣಗುವುದು, ಮೈ ಬಡಕಲಾಗುವುದು, ನಿಶ್ಶಕ್ತಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ಅಂಶ ತೀರಾ ಇಳಿಯುವ ಅಪಾಯವೂ ಇದೆ. ಅವರು ವೈದ್ಯರನ್ನು ಕೇಳದೆ ಆ ರಸ ಮುಟ್ಟಬಾರದು.