ಊರಲ್ಲಿ 1,815, ಹೊರಗೆ 1,815

ನಾನಿರುವ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಬೇಸ್‌ಬಾಲ್ ಮಾತು ಎಲ್ಲಿಂದ ಹೊರಟರೂ ಹಳೆಯ ಆಟಗಾರ ಸ್ಟ್ಯಾನ್ ಮ್ಯೂಸಿಯಲ್ ಹತ್ತಿರ ಬಂದೇ ಬರುತ್ತದೆ. 1941ರಿಂದ 1963ರವರೆಗೆ ಅವರು ಆಡಿದ್ದು ಇಲ್ಲಿನ ಕಾರ್ಡಿನಲ್ಸ್ ತಂಡಕ್ಕೆ ಮಾತ್ರ, 1945ರಲ್ಲಿ ನೌಕಾಪಡೆಯಲ್ಲಿದ್ದರು. ಒಟ್ಟು 3,630 ಹಿಟ್, ಅಂದರೆ ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟಿದ್ದು ಅಷ್ಟು ಸಲ. ತವರಿನಲ್ಲಿ 1,815, ಪರಊರುಗಳಲ್ಲೂ ಸರಿಯಾಗಿ 1,815. ಇಲ್ಲಿಯ ಹಿರಿಯರು ಇದನ್ನು ಮಗ್ಗಿ ಒಪ್ಪಿಸಿದ ಹಾಗೆ ಹೇಳುತ್ತಾರೆ.

ಮ್ಯೂಸಿಯಲ್ ಮೊದಲು ಪಿಚರ್, ಅಂದರೆ ನಮ್ಮ ಬೌಲರ್ ಹಾಗೆ ಚೆಂಡು ಎಸೆಯುವವರು. 1940ರಲ್ಲಿ ಕ್ಯಾಚ್‌ಗೆ ಹಾರಿ ಬಿದ್ದು ಎಸೆಯುವ ಎಡಭುಜ ಹಾಳಾಯಿತು, ಬ್ಯಾಟೇ ಗತಿಯಾಯಿತು. ಮುಂದೆ ತಂಡಕ್ಕೆ ಬೇಕಾದಂತೆ ದೂರದ ಔಟ್‌ಫೀಲ್ಡ್‌ನಲ್ಲೂ ಮೊದಲ ಬೇಸ್ ಕಾಯುವ ಫಸ್ಟ್ ಬೇಸ್‌ನಲ್ಲೂ ತಲಾ ಸಾವಿರಕ್ಕೂ ಹೆಚ್ಚು ಪಂದ್ಯ ಆಡಿದರು. 1948ರಲ್ಲಿ ಸರಾಸರಿ .376 (ಸಾವಿರ ಸಲ ಬ್ಯಾಟ್ ಹಿಡಿದರೆ 376 ಹಿಟ್ ಎಂಬ ಲೆಕ್ಕ), ಜೊತೆಗೆ ಒಂದೇ ಹೊಡೆತಕ್ಕೆ ಎರಡನೇ ಬೇಸ್ ಮುಟ್ಟಿದ 46 ಡಬಲ್, ಮೂರನೆಯದನ್ನು ಮುಟ್ಟಿದ 18 ಟ್ರಿಪಲ್, ಪೂರ್ತಿ ಸುತ್ತು ಬಂದ 39 ಹೋಮ್ ರನ್. ಅವರಿಗೆ ಬಾರದ ಹೊಡೆತವೇ ಇರಲಿಲ್ಲ. ನನ್ನನ್ನು ಬೆರಗುಗೊಳಿಸುವುದು ಇನ್ನೊಂದು: 22 ವರ್ಷಗಳಲ್ಲಿ 475 ಹೋಮ್ ರನ್ ಹೊಡೆದವರು ಸ್ಟ್ರೈಕ್ ಔಟ್ ಆದದ್ದು, ಅಂದರೆ ಮೂರು ಸ್ಟ್ರೈಕ್ ಬಿದ್ದು ಔಟಾದದ್ದು, 696 ಸಲ ಮಾತ್ರ. ಇಂದಿನ ದೊಡ್ಡ ಹೊಡೆತಗಾರರಲ್ಲಿ ಹಲವರು ಅಷ್ಟನ್ನು ನಾಲ್ಕೈದು ವರ್ಷದಲ್ಲೇ ಮುಟ್ಟುತ್ತಾರೆ. 1959ರಲ್ಲಿ ಆಟ ಕುಸಿದಾಗ ಸಂಬಳ ಕಡಿಮೆ ಮಾಡಿ ಎಂದು ತಾವೇ ಕೇಳಿದರು. 1962ರಲ್ಲಿ, 41ರ ವಯಸ್ಸಿನಲ್ಲಿ, ಮತ್ತೆ .330!

ನಾವು ಕನ್ನಡಿಗರು ಸೇರಿದಾಗ ನಮ್ಮ ದ್ರಾವಿಡ್ ಬಗ್ಗೆ ಹೀಗೆ ಮಾತಾಡುವುದಿಲ್ಲ. ಕೋಲ್ಕತ್ತದ 180, ಅಡಿಲೇಡ್‌ನ 233, ಅಲ್ಲಿಗೆ ಮುಗಿಯಿತು. ಆ ಆಟಗಳು ದೊಡ್ಡವೇ, ಅದರಲ್ಲಿ ತಕರಾರಿಲ್ಲ. ಆದರೆ ಟೆಸ್ಟ್‌ನಲ್ಲಿ ಅವರು ಎದುರಿಸಿದ 31,258 ಎಸೆತಗಳು? ಅಷ್ಟು ಚೆಂಡು ಆಡಿದವರು ಬೇರೆ ಯಾರೂ ಇಲ್ಲ. ತವರಿಗಿಂತ ಹೊರದೇಶಗಳಲ್ಲೇ ಅವರ ಸರಾಸರಿ ಹೆಚ್ಚು ಎಂಬುದು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು? ನಾವು ಒಂದು ದಿನದ ಆಟವನ್ನು ಎದೆಗಪ್ಪಿಕೊಳ್ಳುತ್ತೇವೆ. ಇಲ್ಲಿಯವರು ಇಡೀ ಬಾಳಿನ ಆಟವನ್ನು ಎಣಿಸುತ್ತಾರೆ. ಈ ವಿಷಯದಲ್ಲಿ ಇವರ ದಾರಿಯೇ ಸರಿ ಎಂದು ನನಗನ್ನಿಸುತ್ತದೆ.

ಇನ್ನೂ ಒಂದು ನೋವಿದೆ. 2003ರ ವಿಶ್ವಕಪ್‌ನಲ್ಲಿ ದ್ರಾವಿಡ್ ಕೀಪಿಂಗ್ ಮಾಡಿದ್ದನ್ನು ನಾವು ತಂಡಕ್ಕಾಗಿ ಮಾಡಿದ ತ್ಯಾಗವೆಂದು ಕೈಮುಗಿದು ಸುಮ್ಮನಾಗುತ್ತೇವೆ. ಮ್ಯೂಸಿಯಲ್ ಜಾಗ ಬದಲಿಸಿದ್ದನ್ನು ಈ ಊರಿನವರು ಅವರ ಆಟದ ದೊಡ್ಡತನಕ್ಕೇ ಸೇರಿಸುತ್ತಾರೆ. ಐವತ್ತು ಓವರ್ ಸ್ಟಂಪಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಅದೇ ಪಂದ್ಯದಲ್ಲಿ ಇನಿಂಗ್ಸ್ ಕಟ್ಟುವುದು ಬರೀ ಒಳ್ಳೆಯತನದಿಂದ ಆಗುವ ಕೆಲಸವಲ್ಲ, ಅದಕ್ಕೆ ಅಸಾಧ್ಯ ಕಸುಬು ಬೇಕು.