ಸ್ಪಷ್ಟನೆ: ಜ್ಞಾನಿಗೂ ಕಾಯಿಲೆ ಬರುತ್ತದೆ

"ನಿಜವಾದ ಗುರುವಿಗೆ ಕಾಯಿಲೆಯೇ ಬರುವುದಿಲ್ಲ, ಬಂದರೆ ಅವರು ಜ್ಞಾನಿಯಲ್ಲ" ಎಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ತಿರುವಣ್ಣಾಮಲೈನ ರಮಣ ಮಹರ್ಷಿಗಳನ್ನೇ ನೋಡಿ. ಅವರ ಎಡತೋಳಿನಲ್ಲಿ ಗಡ್ಡೆ ಎದ್ದಿತು. ಅದು ಕ್ಯಾನ್ಸರ್. ನಾಲ್ಕು ಸಲ ಆಪರೇಷನ್ ಆದರೂ ಮತ್ತೆ ಬೆಳೆಯಿತು. 1950ರ ಏಪ್ರಿಲ್ 14ರಂದು ತೀರಿಕೊಂಡರು. ಕೊನೆಯ ದಿನಗಳಲ್ಲೂ ದರ್ಶನ ನಿಲ್ಲಿಸಲು ಅವರು ಒಪ್ಪಲಿಲ್ಲ. ರಾಮಕೃಷ್ಣ ಪರಮಹಂಸರು 1886ರಲ್ಲಿ ಹೋಗಿದ್ದೂ ಗಂಟಲಿನ ಕ್ಯಾನ್ಸರ್‌ನಿಂದಲೇ. ಇವರು ಜ್ಞಾನಿಗಳಲ್ಲ ಅನ್ನೋಕಾಗುತ್ತಾ?

ಹಾಗಾದರೆ ನಿಜವಾದ ಗುರುವನ್ನು ಗುರುತಿಸುವುದು ಹೇಗೆ? ಈ ಪ್ರಶ್ನೆಯನ್ನು ರಮಣರನ್ನೇ ಕೇಳಿದವರಿದ್ದರು. ಆ ಗುರುವಿನೆದುರು ಕೂತಾಗ ಮನಸ್ಸು ತಾನಾಗಿ ಶಾಂತವಾಗುತ್ತದಾ, ಗೌರವ ಹುಟ್ಟುತ್ತದಾ ನೋಡಿ ಎಂಬ ಅರ್ಥದ ಉತ್ತರ ಕೊಟ್ಟಿದ್ದರು. ನನಗೆ ರಮಣರ ಬದುಕೇ ಇನ್ನೂ ದೊಡ್ಡ ಉತ್ತರ ಅನಿಸುತ್ತದೆ. ಬೆಳಗಿನ ಜಾವವೇ ಎದ್ದು ಆಶ್ರಮದ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದರು. ಎಲ್ಲರ ಜೊತೆ ಕೂತು, ಎಲ್ಲರಿಗೂ ಬಡಿಸಿದ್ದನ್ನೇ ಉಣ್ಣುತ್ತಿದ್ದರು. ತನಗೆ ಮಾತ್ರ ಏನಾದರೂ ಜಾಸ್ತಿ ಹಾಕಿದರೆ ಬೇಡ ಅನ್ನುತ್ತಿದ್ದರು.

ದಯವಿಟ್ಟು ಆ ಸಂದೇಶ ಮುಂದಕ್ಕೆ ಕಳಿಸಬೇಡಿ. ಹಾಸಿಗೆ ಹಿಡಿದ ಗುರುವಿನ ಸೇವೆ ಮಾಡುತ್ತಿರುವವರಿಗೆ ಅದರಿಂದ ಸುಮ್ನೆ ನೋವಾಗುತ್ತದೆ.