ಹತ್ತು ಹಾಕ್ಲೋ, ಹನ್ನೊಂದು ಹಾಕ್ಲೋ?

ಬಾಗಲಕೋಟೆಯಲ್ಲಿ ಯಾರನ್ನಾದರೂ ನಿಲ್ಲಿಸಿ, ನಿಮ್ಮ ಕಂಪ್ಯೂಟರಿನಲ್ಲಿ ಯಾವ ಆಪರೇಟಿಂಗ್ ಸಿಸ್ಟಮ್, ಅಂದರೆ ಇಡೀ ಮಷೀನನ್ನು ನಡೆಸುವ ಮೂಲ ಸಾಫ್ಟ್‌ವೇರ್, ಇದೆ ಅಂತ ಕೇಳಿ ನೋಡಿ. ‘ಡೆಲ್’ ಅನ್ನುತ್ತಾರೆ. ಸ್ವಲ್ಪ ತಿಳಿದವರು ‘ಐ-ಫೈವ್’ ಅನ್ನುತ್ತಾರೆ. ಮೊದಲನೆಯದು ಕಂಪನಿಯ ಹೆಸರು, ಎರಡನೆಯದು ಪ್ರೊಸೆಸರಿನದು. ಇನ್ನೂ ತಿಳಿದವರು ‘ವಿಂಡೋಸ್’ ಅಂದು, ಯಾವ ವಿಂಡೋಸ್ ಅಂತ ನಾವು ಕೇಳುವ ಮೊದಲೇ ಚಹಾ ಹೇಳಿಬಿಡುತ್ತಾರೆ. ತಪ್ಪೇನಿಲ್ಲ ಬಿಡಿ. ದಿನವಿಡೀ ಅದರ ಮುಂದೆಯೇ ಕೂತಿದ್ದರೂ ಅದರ ಹೆಸರು ಬೇಕಾಗೋದು ಕೆಟ್ಟಾಗ ಮಾತ್ರ.

ಕೆಟ್ಟಾಗ ಬರುವವನು ಫಾರ್ಮ್ಯಾಟ್ ಮಾಡುವ, ಅಂದರೆ ಇದ್ದದ್ದನ್ನೆಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವ ಹುಡುಗ. ಊರಿನ ಕಂಪ್ಯೂಟರುಗಳಲ್ಲಿ ಏನಿರಬೇಕು ಅಂತ ನಿಜಕ್ಕೂ ತೀರ್ಮಾನ ಮಾಡುವವನು ಅವನೇ. ದುಡ್ಡು ಕೊಟ್ಟು ಕೊಂಡವರಿಗೆ ಅದರಲ್ಲಿ ಮಾತೇ ಇಲ್ಲ. ಬೈಕ್ ಮೇಲೆ ಬರುತ್ತಾನೆ. ಗಾಡಿಯ ಕೀಲಿ ಗೊಂಚಲಿನಲ್ಲೇ ಪೆನ್‌ಡ್ರೈವ್. ರ‍್ಯಾಮ್ ಎಷ್ಟಿದೆ ಅಂತ ನೋಡಿ, ಮುಖ ಕೊಂಚ ಸಣ್ಣದು ಮಾಡಿಕೊಂಡು, ‘ಹತ್ತು ಹಾಕ್ಲೋ, ಹನ್ನೊಂದು ಹಾಕ್ಲೋ?’ ಅಂತ ಕೇಳುತ್ತಾನೆ. ವಿಂಡೋಸ್ 10, ವಿಂಡೋಸ್ 11 ಅಂತ ಅರ್ಥ. ‘ಯಾವ್ದು ಚೊಲೊ ಐತಿ ಅದನ್ನ ಹಾಕಪಾ’ ಅನ್ನೋದು ಎಲ್ಲ ಮಾಲೀಕರ ಉತ್ತರ. ಆಮೇಲೆ ಬರುವ ಪ್ರಶ್ನೆ ಗಂಭೀರವಾದದ್ದು. ‘ಸಿ ಡ್ರೈವ್‌ನಾಗ ಏನರ ಅದಾವೇನ್ರಿ?’ ಆಗ ಮನೆಮಂದಿಯೆಲ್ಲ ಎದ್ದು ಬಂದು ಹುಡುಗನ ಹಿಂದೆ ನಿಲ್ಲುತ್ತಾರೆ. ಡೆಸ್ಕ್‌ಟಾಪ್ ಮೇಲೆ ಇಟ್ಟದ್ದೆಲ್ಲ ಸಿ ಡ್ರೈವಿನಲ್ಲೇ ಇರುತ್ತದೆ ಅನ್ನೋದು ಗೊತ್ತಾಗೋದು ಅವತ್ತೇ. ತೊಟ್ಟಿಲ ಕಾರ್ಯಕ್ರಮದ ಫೋಟೋ, ಹೊಲದ ಉತಾರ, ಆಧಾರ್ ಸ್ಕ್ಯಾನ್, ಯಾರೋ ಕೊಟ್ಟ ಭಜನೆ, ಎಲ್ಲವೂ ಡಿ ಡ್ರೈವಿಗೆ ಹೊರಡುತ್ತವೆ. ‘ನ್ಯೂ ಫೋಲ್ಡರ್’ ಒಳಗೆ ಇನ್ನೊಂದು ‘ನ್ಯೂ ಫೋಲ್ಡರ್’.

ಸಂಜೆಗೆ ಮಷೀನು ಚುರುಕಾಗಿರುತ್ತದೆ. ಕೆಲವು ದಿನ ಬಿಟ್ಟು ಬಲಗಡೆ ಕೆಳಮೂಲೆಯಲ್ಲಿ ‘ಆ್ಯಕ್ಟಿವೇಟ್ ವಿಂಡೋಸ್’ ಎಂಬ ಮಸುಕು ಅಕ್ಷರ ಏಳುತ್ತವೆ. ಲೈಸೆನ್ಸ್ ಇಲ್ಲ ಅಂತ ಅದರ ಅರ್ಥ. ಮೊದಲ ವಾರ ಕಣ್ಣಿಗೆ ಚುಚ್ಚುತ್ತವೆ. ಆಮೇಲೆ ಅವು ಕಾಣೋದೇ ನಿಂತುಹೋಗುತ್ತದೆ. ಎಷ್ಟು ಕೌಂಟರುಗಳಲ್ಲಿ ಈ ಮಸುಕು ಅಕ್ಷರದ ಪಕ್ಕದಲ್ಲೇ ನನ್ನ ರಸೀದಿ ಹರಿದುಕೊಟ್ಟಿದ್ದಾರೋ! ಹೆಸರು ಹೇಳೋದು ಬೇಡ.

ಈ ನಡುವೆ ಮೈಕ್ರೋಸಾಫ್ಟ್‌ನವರು 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಲ್ಲಿಸಿದರು. ಹನ್ನೊಂದಕ್ಕೆ ಹೋಗಿ ಅಂದರು. ಹೋಗಬೇಕಾದರೆ ಮಷೀನಿನಲ್ಲಿ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಪ್ರೊಸೆಸರ್ ಇಂಟೆಲ್‌ನದಾದರೆ ಹೆಚ್ಚುಕಡಿಮೆ ಎಂಟನೇ ಪೀಳಿಗೆಯದಾದರೂ ಆಗಿರಬೇಕು. ಗಟ್ಟಿಮುಟ್ಟಾಗಿ ಓಡುತ್ತಿರುವ ಮಷೀನಿಗೆ ನೀನು ಅರ್ಹನಲ್ಲ ಅಂತ ಹೇಳಿಸಿಕೊಳ್ಳುವ ಗತಿ. ಅದಕ್ಕೂ ಹುಡುಗನ ಹತ್ತಿರ ಏನೋ ಉಪಾಯ ಇದೆಯಂತೆ. ನಾನು ಕೇಳಲು ಹೋಗಿಲ್ಲ.

ಸಪೋರ್ಟ್ ಮುಗೀತು, ಹೊಸದಕ್ಕೆ ಹೋಗಿ ಎಂಬ ಮಾತು ಬಾಗಲಕೋಟೆಗೆ ಹೊಸದಲ್ಲ. ಆಲಮಟ್ಟಿಯ ಹಿನ್ನೀರು ಬರುತ್ತದೆ, ಜಾಗ ಖಾಲಿ ಮಾಡಿ ಅಂತ ಹೇಳಿಸಿಕೊಂಡ ಊರು ಇದು. ಅಣೆಕಟ್ಟೆಯ ನೀರಿನ ಮಟ್ಟ 519.60 ಮೀಟರ್ ಅಂತಾದಾಗ ತಗ್ಗಿನ ಓಣಿಗಳವರು ಪಾತ್ರೆ ಪಗಡೆ ಕಟ್ಟಿಕೊಂಡು ನವನಗರಕ್ಕೆ ಬಂದರು. ಇಲ್ಲಿ ಓಣಿ ಹೆಸರಿನ ಬದಲು ಸೆಕ್ಟರ್ ನಂಬರ್. ರಸ್ತೆ ಅಗಲ, ಮೂಲೆ ನೆಟ್ಟಗೆ. ಎಲ್ಲ ಸರಿ, ಆದರೆ ಮದುವೆ ಜವಳಿ ಅಂದರೆ ಕಾಲು ಈಗಲೂ ಹಳೇ ಪೇಟೆಯ ಕಡೆಗೇ ಎಳೆಯುತ್ತದೆ. ಮಟ್ಟವನ್ನು 524.256 ಮೀಟರಿಗೆ ಏರಿಸುವ ಮಾತು ವರ್ಷಗಳಿಂದ ನಡೆದೇ ಇದೆ. ಹಳೇ ಊರಿನವರು ಅದನ್ನು ಪೇಪರಿನಲ್ಲಿ ಓದುತ್ತಾರೆ, ಮಡಚಿಡುತ್ತಾರೆ, ಅಂಗಡಿ ಬಾಗಿಲು ತೆಗೆಯುತ್ತಾರೆ. ವಿಂಡೋಸ್ 7 ಹಿಡಿದು ಕೂತವರನ್ನು ಕಂಡರೆ ನನಗೆ ನಗು ಬರೋದಿಲ್ಲ, ಇದಕ್ಕೇ.

ಆ ಹಳೇ ಪೇಟೆಯಲ್ಲೇ ನಾನು ಹೋಗಿಬರುವ ಒಂದು ಪ್ರಿಂಟಿಂಗ್ ಪ್ರೆಸ್ ಇದೆ. ಅಲ್ಲಿ ಏಳೂ ಇಲ್ಲ, ಅದಕ್ಕಿಂತ ಹಳೆಯ ವಿಂಡೋಸ್ ಎಕ್ಸ್‌ಪಿ. 2001ರಲ್ಲಿ ಬಂದದ್ದು, 2014ರ ಏಪ್ರಿಲ್ 8ಕ್ಕೆ ಕಂಪನಿ ಕೈಬಿಟ್ಟದ್ದು. ಸ್ವಿಚ್ ಒತ್ತಿದರೆ ಅದೇ ಹಸಿರು ಗುಡ್ಡ, ನೀಲಿ ಆಕಾಶ, ಎರಡು ತುಂಡು ಮೋಡ. ಚಾರ್ಲ್ಸ್ ಓ’ರಿಯರ್ ಎಂಬ ಫೋಟೋಗ್ರಾಫರ್ 1996ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾ ಕಡೆ ಕಾರಿನಲ್ಲಿ ಹೋಗುವಾಗ ನಿಲ್ಲಿಸಿ ಹೊಡೆದ ಚಿತ್ರ ಅದು. ಮೇ ತಿಂಗಳ ಮಧ್ಯಾಹ್ನ ಹೊರಗೆ ನಲವತ್ತು ಡಿಗ್ರಿ ಬಿಸಿಲಿರುತ್ತದೆ. ನಮ್ಮ ಕಡೆಯ ಗುಡ್ಡಗಳಲ್ಲಿ ಹುಲ್ಲುಕಡ್ಡಿ ಇರೋದಿಲ್ಲ. ಪ್ರೆಸ್ಸಿನ ಗುಡ್ಡ ಮಾತ್ರ ಹಸಿರೋ ಹಸಿರು.

ಯಾಕ್ರೀ ಇನ್ನೂ ಇದನ್ನೇ ಇಟ್ಟುಕೊಂಡಿದ್ದೀರಿ ಅಂದರೆ ಮಾಲೀಕರು ಎದ್ದುಬಂದು ಒಂದು ಫೋಲ್ಡರ್ ತೆಗೆದು ತೋರಿಸುತ್ತಾರೆ. ಮದುವೆ, ಗೃಹಪ್ರವೇಶ, ಜಾತ್ರೆ, ಪುಣ್ಯತಿಥಿ. ಇಷ್ಟು ವರ್ಷದ ಮ್ಯಾಟರ್ ಎಲ್ಲ ಪುಟ ಜೋಡಿಸುವ ಸಾಫ್ಟ್‌ವೇರ್ ಪೇಜ್‌ಮೇಕರ್‌ನಲ್ಲಿದೆ. ಅಡೋಬಿಯವರ ಪೇಜ್‌ಮೇಕರ್ 7.0 ಕೂಡ 2001ರದ್ದೇ, ಅದಾದ ಮೇಲೆ ಹೊಸ ಆವೃತ್ತಿಯೇ ಬರಲಿಲ್ಲ. ಅಕ್ಷರ ನುಡಿಯದು, ಕನ್ನಡ ಗಣಕ ಪರಿಷತ್ತು ಮಾಡಿದ ನುಡಿ. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯೂನಿಕೋಡ್ ಎಲ್ಲ ಕಡೆ ಹಬ್ಬುವ ಮೊದಲಿನ ಫಾಂಟುಗಳು ಅವು. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದಾರೆ. ಫಾಂಟ್ ಇಲ್ಲದ ಮಷೀನಿನಲ್ಲಿ ಆ ಫೈಲ್ ತೆರೆದರೆ ‘ಕನ್ನಡ’ ಎಂಬ ಪದದ ಜಾಗದಲ್ಲಿ ದೊಡ್ಡ ಪಿ, ನೆತ್ತಿಯ ಮೇಲೆ ಗೀಟಿರುವ ಎ, ಅದರ ಪಕ್ಕ ಬ್ರಿಟನ್ನಿನ ಪೌಂಡ್ ಚಿಹ್ನೆ! ಸರಿಯಾಗಿ ಕೂತಾಗ ಮಾತ್ರ ಒತ್ತು, ದೀರ್ಘ ಎಲ್ಲ ಮುತ್ತಿನ ಹಾಗೆ ನಿಲ್ಲುತ್ತವೆ. ಅಣ್ಣನ ಕಾರ್ಡ್ ತೆರೆದು ಹೆಸರು, ತಾರೀಖು ಬದಲಿಸಿದರೆ ತಮ್ಮನ ಕಾರ್ಡ್ ರೆಡಿ. ಬಂಧುಗಳ ಪಟ್ಟಿ ಹೇಗೂ ಅದೇ. ಹೋದವರ ಹೆಸರು ತೆಗೆದು ‘ಆಶೀರ್ವಾದಗಳೊಂದಿಗೆ’ ಕೆಳಗೆ ಸೇರಿಸಬೇಕು, ಅಷ್ಟೆ.

ಆ ಮಷೀನಿಗೆ ಇಂಟರ್ನೆಟ್ ಹಚ್ಚಿಲ್ಲ. ಹಚ್ಚಬಾರದು ಕೂಡ. 2024ರ ಜುಲೈ 19ರಂದು ಒಂದು ಸುರಕ್ಷತಾ ಕಂಪನಿಯ ತಪ್ಪು ಅಪ್‌ಡೇಟ್‌ನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಮಷೀನುಗಳು ನೀಲಿ ತೆರೆ ತೋರಿಸಿ ಮಲಗಿದವು. ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಅವತ್ತು ನಮ್ಮ ಪ್ರೆಸ್ ಎಂದಿನಂತೆ ಕರಪತ್ರ ಹೊಡೆಯುತ್ತಿತ್ತು. ಇದು ಎಕ್ಸ್‌ಪಿಯ ಹೆಚ್ಚುಗಾರಿಕೆ ಅಂತ ನಾನು ಹೇಳಲಾರೆ. ಮಾಲೀಕರು ಮಾತ್ರ ಹೇಳುತ್ತಾರೆ.

ನನಗನ್ನಿಸೋದು ಇಷ್ಟು: ಆಪರೇಟಿಂಗ್ ಸಿಸ್ಟಮ್ಮನ್ನು ಯಾರೂ ಆರಿಸೋದಿಲ್ಲ. ಇರುವ ಕೆಲಸ ಅದನ್ನು ಆರಿಸುತ್ತದೆ. ಸೊಸೈಟಿಯಲ್ಲಿ ಲೆಕ್ಕ ಬರೆಯುವ ಟ್ಯಾಲಿ ಬೇಕು, ಅದಕ್ಕೆ ವಿಂಡೋಸ್. ಮುಧೋಳ ಕಡೆಯ ವೇಬ್ರಿಜ್‌ಗಳಲ್ಲಿ ಕಬ್ಬು ತೂಗುವ ಯಂತ್ರದಿಂದ ಒಂಬತ್ತು ಪಿನ್ನಿನ ಹಳೇ ಕೇಬಲ್ ಬಂದಿರುತ್ತದೆ, ಅದನ್ನು ಚುಚ್ಚಲು ಜಾಗ ಇರುವ ಹಳೇ ಮಷೀನೇ ಬೇಕು. ಹೊರಗೆ ಟ್ರ್ಯಾಕ್ಟರುಗಳ ಸಾಲು ನಿಂತಿರುವಾಗ ಅಪ್‌ಡೇಟ್ ಹಾಕೋಣ ಅಂದವನನ್ನು ರೈತರು ಸುಮ್ನೆ ಬಿಡ್ತಾರಾ? ಇನ್ನು ಎಂಜಿನಿಯರಿಂಗ್ ಹುಡುಗರು ಲ್ಯಾಬಿನಲ್ಲಿ ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ಮಿನ ಒಂದು ರೂಪವಾದ ಉಬುಂಟು ಮುಂದೆ ಕೂತು ಪ್ರೋಗ್ರಾಂ ಬರೆದು ಓಡಿಸುತ್ತಾರೆ, ರೂಮಿಗೆ ಬಂದು ವಿಂಡೋಸ್ ಹಾಕಿ ವ್ಯಾಲರಂಟ್ ಆಡುತ್ತಾರೆ. ಲಿನಕ್ಸಿನಲ್ಲಿ ಆ ಆಟ ನಡೆಯೋದಿಲ್ಲ. ಹತ್ತೊಂಬತ್ತರ ವಯಸ್ಸಿಗೆ ಅಷ್ಟು ಕಾರಣ ಸಾಕು.

ಲಿನಕ್ಸ್ ನಮಗೆ ಗೊತ್ತಿಲ್ಲಪ್ಪ ಅನ್ನುವವರನ್ನು ಕಂಡರೆ ಮಾತ್ರ ಸ್ವಲ್ಪ ತಮಾಷೆ ಅನ್ನಿಸುತ್ತದೆ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಸುಮ್ನೆ ಹವ್ಯಾಸಕ್ಕೆ ಶುರು ಮಾಡಿದ್ದು. 2017ರ ನವೆಂಬರಿನಿಂದ ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ ಎಲ್ಲವೂ ಅದರ ಮೇಲೇ ನಡೆಯುತ್ತಿವೆ. ಅದಿರಲಿ, ನಮ್ಮ ಅತ್ತಿಗೆಯ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಳದಲ್ಲಿರೋದೂ ಲಿನಕ್ಸೇ. ಅವರು ಧಾರಾವಾಹಿ ನೋಡುವ ಸ್ಮಾರ್ಟ್ ಟಿವಿಯ ತಳದಲ್ಲೂ ಅದೇ. ಮಸಾಲಿ ಖಾರ ಕುಟ್ಟಿಸುವ ದಿನ ಹಿಟ್ಟಿನ ಗಿರಣಿಯಲ್ಲಿ ಫೋನ್‌ಪೇ ಮಾಡಿ, ಬಂದು ಟಿವಿ ಹಚ್ಚುವ ಅತ್ತಿಗೆ ಮನೆಯಲ್ಲಿ ಎಲ್ಲರಿಗಿಂತ ಜಾಸ್ತಿ ಲಿನಕ್ಸ್ ಬಳಸುತ್ತಾರೆ. ಹೇಳಿದರೆ ‘ಸುಳ್ಳ ಹೇಳಬ್ಯಾಡ್ರಿ, ಇದು ರೆಡ್ಮಿ’ ಅಂದರು.

ಆ್ಯಪಲ್ ಕಂಪನಿಯ ಮ್ಯಾಕ್ ನಮ್ಮಲ್ಲಿ ಬೆಂಗಳೂರಿನಿಂದ ರಜೆಗೆ ಬರುತ್ತದೆ. ತಂಗಿಯ ಮಗ ತರುತ್ತಾನೆ. ಅವನ ಕೆಲಸವೆಲ್ಲ ಎಲ್ಲೋ ಇರುವ ಲಿನಕ್ಸ್ ಸರ್ವರುಗಳ ಮೇಲೆ, ಎದುರಿಗಿರೋದು ಮ್ಯಾಕ್. ಈ ಸಲ ಬಂದವನು ತನ್ನ ಮದುವೆ ಕಾರ್ಡಿನ ಮ್ಯಾಟರ್ ತಾನೇ ಟೈಪ್ ಮಾಡಿದ್ದ. ಒಳ್ಳೆಯ ಯೂನಿಕೋಡ್ ಕನ್ನಡ, ಒಂದು ಕಾಗುಣಿತವೂ ತಪ್ಪಿಲ್ಲ. ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಪ್ರೆಸ್ಸಿಗೆ ಹೋದೆವು. ಮಾಲೀಕರು ತೆರೆದು, ಕಾಪಿ ಮಾಡಿ, ಪೇಜ್‌ಮೇಕರಿನಲ್ಲಿ ಇಳಿಸಿದರು. ಸಾಲುಸಾಲು ಪ್ರಶ್ನೆಚಿಹ್ನೆ. ಪೇಜ್‌ಮೇಕರಿಗೆ ಯೂನಿಕೋಡ್ ಹತ್ತುವುದಿಲ್ಲ. ವರನ ಹೆಸರಿನ ಜಾಗದಲ್ಲಿ ಪ್ರಶ್ನೆಚಿಹ್ನೆ, ವಧುವಿನ ಹೆಸರಿನ ಜಾಗದಲ್ಲೂ ಪ್ರಶ್ನೆಚಿಹ್ನೆ.

ಮಾಲೀಕರು ಕನ್ನಡಕ ಏರಿಸಿಕೊಂಡು ನೋಡಿ, ‘ಇನ್ನೂ ಹುಡುಗಿ ಗೊತ್ತಾಗಿಲ್ಲೇನ್ರಿ?’ ಅಂದರು.

ಕೊನೆಗೆ ಹಾಳಿ, ಪೆನ್ನು ಕೊಟ್ಟರು. ಅಳಿಯ ಕೌಂಟರಿನ ಮೇಲೆ ಬಗ್ಗಿ ಎಲ್ಲವನ್ನೂ ಕೈಯಲ್ಲಿ ಬರೆದ. ‘ಚಿ. ರಾ.’ಗೆ ಚುಕ್ಕಿ ಎಲ್ಲಿಡೋದು ಅಂತ ಮಾತ್ರ ನನ್ನನ್ನು ಕೇಳಿದ. ಮಾಲೀಕರು ಅದನ್ನು ಒಂದೇ ಸಲ ಕೂತು ನುಡಿಯಲ್ಲಿ ಹೊಡೆದರು. ಪ್ರೂಫ್ ಕಳಿಸಬೇಕಲ್ಲ, ಮಷೀನಿಗೆ ಇಂಟರ್ನೆಟ್ ಇಲ್ಲ. ಅವರು ತಮ್ಮ ಫೋನಿನಿಂದ ಮಾನಿಟರಿನ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದರು. ರಾತ್ರಿ ಅಳಿಯ ಅದನ್ನು ಮ್ಯಾಕ್ ಮೇಲೆ ದೊಡ್ಡದು ಮಾಡಿ ನೋಡುತ್ತ, ‘ಮಾಮಾ, ಮುಹೂರ್ತದ ಟೈಮ್ ಸರಿ ಕಾಣವಲ್ದು. ಪಿಡಿಎಫ್ ಕಳಸಾಕ ಹೇಳು’ ಅಂದ. ನಾನು ಫೋನ್ ಮಾಡಿ ಹೇಳಿದೆ. ‘ಆತ್ರಿ, ಈಗ ಕಳಸ್ತೀನಿ’ ಅಂದರು.

ಇನ್ನೊಂದು ಫೋಟೋ ಬಂತು. ಈ ಸಲ ಸ್ವಲ್ಪ ಹತ್ತಿರದಿಂದ ತೆಗೆದಿದ್ದರು.